ಹಳೆಯ ಕ್ಯಾಬರ್ನೆಗಳನ್ನು ಅಕ್ಕಪಕ್ಕ ಇಟ್ಟು ರುಚಿ ನೋಡುವುದು ಹೇಗೆ: ಸ್ವಂತ ಸೆಲ್ಲರ್ ಇರುವವರಿಗೊಂದು ಸಮಗ್ರ ಮಾರ್ಗದರ್ಶಿ

ಸೆಲ್ಲರ್‌ನಲ್ಲಿ (ವೈನ್ ಇಡುವ ತಂಪು ಕೋಣೆಯಲ್ಲಿ) ಹತ್ತು, ಹದಿನೈದು, ಇಪ್ಪತ್ತು ವರ್ಷ ಮಲಗಿಸಿಟ್ಟ ಕ್ಯಾಬರ್ನೆ ಸಾವಿನ್ಯಾನ್ ಅನ್ನುವ ದ್ರಾಕ್ಷಿಯ ಕೆಂಪು ವೈನ್ ಬಾಟಲಿಗಳಿದ್ದರೆ ಪ್ರಶ್ನೆ ಒಂದೇ: ಈಗ ತೆಗೆಯಬಹುದಾ, ಇನ್ನೂ ಕಾಯಬೇಕಾ? ಬೇರೆಯವರ ಟಿಪ್ಪಣಿ ಓದಿದರೆ ಒಂದು ಅಂದಾಜು ಸಿಗುತ್ತದೆ, ಅಷ್ಟೇ. ನಿಮ್ಮ ಬಾಟಲಿಗೆ ವಯಸ್ಸಾಗಿರುವುದು ನಿಮ್ಮ ಸೆಲ್ಲರ್‌ನ ತಂಪಿನಲ್ಲಿ, ಅದರದ್ದೇ ಕಾರ್ಕ್‌ನ ಕೆಳಗೆ. ಅದರ ಗತಿ ತೆಗೆದು ನೋಡದೆ ತಿಳಿಯುವುದಿಲ್ಲ.

ಆದರೆ ಇವತ್ತೊಂದು, ಆರು ತಿಂಗಳು ಬಿಟ್ಟು ಇನ್ನೊಂದು ತೆಗೆದರೆ ಹೋಲಿಕೆ ಆಗುವುದಿಲ್ಲ. ರುಚಿಯ ನೆನಪು ಅಷ್ಟು ದಿನ ನಿಲ್ಲುವುದಿಲ್ಲ. ನಾಲ್ಕೈದು ಬಾಟಲಿಗಳನ್ನು ಒಂದೇ ಸಂಜೆ ತೆಗೆದು ಅಕ್ಕಪಕ್ಕ ಇಡಬೇಕು. ಯಾವುದು ಗೆದ್ದಿತು ಅಂತ ನೋಡುವುದು ಮಜಾ ಇರಬಹುದು. ನನಗೆ ಮುಖ್ಯ ಅನಿಸುವುದು ಬೇರೆ: ಸಂಜೆ ಮುಗಿದಾಗ ಕಪಾಟಿನಲ್ಲಿ ಉಳಿದ ಬಾಟಲಿಗಳನ್ನು ಏನು ಮಾಡಬೇಕು ಅಂತ ಗೊತ್ತಾಗಿರಬೇಕು. ಕೆಳಗೆ ಹೇಳಿರುವುದೆಲ್ಲ ಆ ಲೆಕ್ಕದಲ್ಲೇ.

ಬಾಟಲಿಯೊಳಗೆ ಆಗುವುದೇನು

ಕ್ಯಾಬರ್ನೆ ದ್ರಾಕ್ಷಿ ಸಣ್ಣದು. ಸಿಪ್ಪೆ ದಪ್ಪ, ತಿರುಳಿಗೆ ಹೋಲಿಸಿದರೆ ಬೀಜ ಜಾಸ್ತಿ. ಸಿಪ್ಪೆ ಮತ್ತು ಬೀಜದಿಂದಲೇ ಟ್ಯಾನಿನ್ ಬರುತ್ತದೆ, ಅಂದರೆ ಒಗರು. ಹಾಗಾಗಿ ಎಳೆಯ ಕ್ಯಾಬರ್ನೆ ಬಾಯನ್ನು ಒಣಗಿಸಿಬಿಡುತ್ತದೆ. ಕಾಲ ಕಳೆದಂತೆ ಟ್ಯಾನಿನ್ ಮತ್ತು ಬಣ್ಣದ ಕಣಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತವೆ. ಅದರಲ್ಲಿ ಒಂದಷ್ಟು ತಳಕ್ಕೆ ಇಳಿದು ಗಸಿಯಾಗುತ್ತದೆ. ಒಗರು ಮೆದುವಾಗುತ್ತದೆ, ಬಣ್ಣ ತಿಳಿಯಾಗುತ್ತದೆ. ತಾಜಾ ಹಣ್ಣಿನ ಘಮ ಹಿಂದೆ ಸರಿದು ಸೀಡರ್ ಮರ, ಹೊಗೆಸೊಪ್ಪು, ತೊಗಲು, ತರಗೆಲೆ, ಒದ್ದೆ ಮಣ್ಣು ಇವೆಲ್ಲ ಮುಂದೆ ಬರುತ್ತವೆ.

ಬದಲಾಗದ್ದೂ ಇದೆ. ಹುಳಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಹಣ್ಣು ತೆಳುವಾದ ಮೇಲೆ ಅದೇ ಹುಳಿ ಎದ್ದು ಕಾಣುತ್ತದೆ. ಆಲ್ಕೋಹಾಲ್ ಕೂಡ ಹಾಗೆಯೇ. ಎಳೆಯದಿದ್ದಾಗ ಗಂಟಲು ಸುಡುತ್ತಿದ್ದ ವೈನ್ ಇಪ್ಪತ್ತು ವರ್ಷದ ಮೇಲೆ ತಣ್ಣಗಾಗುತ್ತದೆ ಅಂತ ಕಾಯಬೇಡಿ. ಹಸಿರು ವಾಸನೆಯೂ ಹೋಗುವುದಿಲ್ಲ. ಕ್ಯಾಬರ್ನೆ ಸಾವಿನ್ಯಾನ್‌ನ ತಂದೆತಾಯಿ ಕ್ಯಾಬರ್ನೆ ಫ್ರಾಂಕ್ ಮತ್ತು ಸಾವಿನ್ಯಾನ್ ಬ್ಲಾಂಕ್ ಅಂತ 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಡಿಎನ್‌ಎ ಪರೀಕ್ಷೆಯಲ್ಲಿ ತಿಳಿಯಿತು. ಮೂರರಲ್ಲೂ ಇರುವ ಪೈರಜೀನ್ ಅನ್ನುವ ಅಂಶ ಹಸಿ ಕ್ಯಾಪ್ಸಿಕಂ ವಾಸನೆ ಕೊಡುತ್ತದೆ. ಹಣ್ಣು ಬಲಿತಂತೆ, ಗೊಂಚಲಿಗೆ ಬಿಸಿಲು ಬಿದ್ದಂತೆ ಬಳ್ಳಿಯಲ್ಲೇ ಅದು ಕಡಿಮೆಯಾಗಬೇಕು. ಬಾಟಲಿಗೆ ಬಂದ ಮೇಲೆ ಹೆಚ್ಚಿಗೆ ಕರಗುವುದಿಲ್ಲ. ಚಳಿ ವರ್ಷದ, ಅರೆಬಲಿತ ಹಣ್ಣಿನ ವೈನನ್ನು ಕಾದು ಸರಿಮಾಡಲು ಆಗುವುದಿಲ್ಲ ಅನ್ನುವುದು ಇದಕ್ಕೇ.

ಇದಿಷ್ಟು ತಲೆಯಲ್ಲಿದ್ದರೆ ಸಾಕು. ಯಾವ ಕೊರತೆ ಕಾದರೆ ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ ಲೋಟ ಹಿಡಿದಾಗ ತಾನಾಗಿ ಹೊಳೆಯುತ್ತದೆ.

ಹಂತ 1: ಮೊದಲು ಪ್ರಶ್ನೆ, ಆಮೇಲೆ ಬಾಟಲಿ

ಸುಮ್ನೆ ಕೈಗೆ ಸಿಕ್ಕ ಐದು ಬಾಟಲಿ ತೆಗೆದರೆ ಐದು ವೈನ್ ಕುಡಿದಂತಾಗುತ್ತದೆ, ಹೋಲಿಸಿದಂತಾಗುವುದಿಲ್ಲ. ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಮ ಇರಬೇಕು.

ಒಬ್ಬರೇ ತಯಾರಕರ, ಒಂದೇ ವೈನಿನ ಬೇರೆ ಬೇರೆ ವರ್ಷಗಳನ್ನು ಸಾಲಾಗಿ ಇಟ್ಟರೆ ಅದು ವರ್ಟಿಕಲ್. ಹವಾಮಾನ ಏನು ಮಾಡಿತು, ವಯಸ್ಸು ಏನು ಮಾಡಿತು ಅಂತ ಇದರಲ್ಲಿ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಒಬ್ಬರೇ ತಯಾರಕರ 1997 ಮತ್ತು 1998 ನಿಮ್ಮಲ್ಲಿದ್ದರೆ ಅದೃಷ್ಟ. ಮೊದಲನೆಯದು ಬೆಚ್ಚಗಿನ, ತುಂಬು ಫಸಲಿನ ವರ್ಷ, ಎರಡನೆಯದು ತಂಪಿನ, ಕಷ್ಟದ ವರ್ಷ. ವಯಸ್ಸಿನಲ್ಲಿ ಒಂದೇ ವರ್ಷದ ಅಂತರ, ಲೋಟದಲ್ಲಿ ಬೇರೆಯೇ ಕತೆ. ಫ್ರಾನ್ಸಿನ ಬೋರ್ಡೋದಲ್ಲಾದರೆ ಯುರೋಪಿಗೆಲ್ಲ ಬಿಸಿಗಾಳಿ ಬಡಿದ 2003 ಅನ್ನು ಅದರ ಆಚೀಚಿನ ವರ್ಷಗಳ ನಡುವೆ ಇಟ್ಟು ನೋಡಿ.

ಒಂದೇ ವರ್ಷದ, ಒಂದೇ ಪ್ರದೇಶದ ಬೇರೆ ಬೇರೆ ತಯಾರಕರನ್ನು ಇಟ್ಟರೆ ಅದು ಹಾರಿಜಾಂಟಲ್. ಮೂರನೆಯ ಬಗೆಯನ್ನು ಜನ ಮಾಡುವುದೇ ಕಡಿಮೆ, ನನಗೆ ಅದೇ ಇಷ್ಟ: ಒಂದೇ ವೈನ್, ಒಂದೇ ವರ್ಷ, ಆದರೆ ಒಂದು 750 ಮಿಲಿ ಬಾಟಲಿ, ಇನ್ನೊಂದು 1.5 ಲೀಟರಿನ ಮ್ಯಾಗ್ನಮ್. ಕಾರ್ಕ್ ದಾಟಿ ಬರುವ ಗಾಳಿ ಎರಡಕ್ಕೂ ಹೆಚ್ಚುಕಮ್ಮಿ ಅಷ್ಟೇ. ವೈನ್ ಮಾತ್ರ ಎರಡರಷ್ಟು. ಮ್ಯಾಗ್ನಮ್ ನಿಧಾನವಾಗಿ ಮಾಗುವುದನ್ನು ಬಾಯಲ್ಲೇ ಕಾಣಬಹುದು.

ಸ್ಥಳಗಳನ್ನು ಬೆರೆಸುವುದಾದರೆ ಸ್ವಲ್ಪ ನೋಡಿಕೊಂಡು ಮಾಡಿ. ಬೋರ್ಡೋದ ಎಡದಂಡೆಯಲ್ಲಿ, ಅಂದರೆ ಪೋಯಾಕ್, ಮಾರ್ಗೋ, ಸೇಂಟ್ ಜೂಲಿಯನ್ ಕಡೆ, ಕ್ಯಾಬರ್ನೆ ಒಂಟಿಯಾಗಿ ಇರುವುದೇ ಅಪರೂಪ. ಮೆರ್ಲೋ ಅನ್ನುವ ಇನ್ನೊಂದು ದ್ರಾಕ್ಷಿ ಜೊತೆಗಿರುತ್ತದೆ. ಅಮೆರಿಕದಲ್ಲಿ ಲೇಬಲ್ ಮೇಲೆ ಕ್ಯಾಬರ್ನೆ ಅಂತ ಹಾಕಲು ಶೇ 75 ಇದ್ದರೆ ಸಾಕು, ಆಸ್ಟ್ರೇಲಿಯಾದಲ್ಲಿ ಶೇ 85 ಬೇಕು. ಇನ್ನು ಆಲ್ಕೋಹಾಲ್. ನಲವತ್ತು ವರ್ಷ ಹಿಂದಿನ ಬೋರ್ಡೋ ಶೇ 12-12.5ರ ಸುಮಾರಿನಲ್ಲಿರುತ್ತಿತ್ತು. ಈಚಿನ ನಾಪಾ ವೈನುಗಳು ಶೇ 14.5 ದಾಟುವುದು ಮಾಮೂಲು. ಇವೆರಡನ್ನು ಪಕ್ಕಪಕ್ಕ ಇಟ್ಟರೆ ದೊಡ್ಡ ದನಿಯದ್ದೇ ಗೆಲ್ಲುತ್ತದೆ, ಹಳೆಯದರ ಸೂಕ್ಷ್ಮ ಕೇಳಿಸುವುದೇ ಇಲ್ಲ.

ಹಾಗಂತ ದೇಶಗಳನ್ನು ಬೆರೆಸಲೇಬಾರದು ಅಂತಲ್ಲ. ಸಮವಯಸ್ಕರನ್ನು ಬೆರೆಸಿ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ್ದ, ಕ್ಯಾಲಿಫೋರ್ನಿಯಾ ಮತ್ತು ಫ್ರೆಂಚ್ ವೈನುಗಳ ಪರೀಕ್ಷೆ ನೆನಪಿದೆ ಅಲ್ವಾ? ಫ್ರೆಂಚ್ ತೀರ್ಪುಗಾರರು ಹೆಸರು ನೋಡದೆ ಕುಡಿದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೆಗೆ ಮೊದಲ ಸ್ಥಾನ ಕೊಟ್ಟರು. ಬೋರ್ಡೋದ 1970ರ ಮೂಟನ್ ರಾತ್‌ಶೀಲ್ಡ್ ಎರಡನೆಯದಾಯಿತು. ಕ್ಯಾಲಿಫೋರ್ನಿಯಾದವು ಎಳೆಯದರಲ್ಲಷ್ಟೇ ಚೆಂದ, ಹಳೆಯದಾದರೆ ಬೋರ್ಡೋನೇ ಸೈ ಅನ್ನುವ ಮಾತು ಆಗ ಹುಟ್ಟಿತು. 2006ರಲ್ಲಿ ಅವೇ ಕೆಂಪು ವೈನುಗಳನ್ನು ಮತ್ತೆ ತೆಗೆದಾಗ ಕ್ಯಾಲಿಫೋರ್ನಿಯಾದ್ದೇ ಆದ ರಿಡ್ಜ್ ಮಾಂಟೆ ಬೆಲ್ಲೊ 1971 ಮೊದಲು ಬಂತು. 1976ರಲ್ಲಿ ಅದು ಐದನೆಯದಾಗಿತ್ತು. ಮೂವತ್ತು ವರ್ಷದಲ್ಲಿ ಸಾಲೇ ಬದಲಾಯಿತು. ಇವತ್ತಿನ ನಿಮ್ಮ ಸಾಲೂ ಇವತ್ತಿನದಷ್ಟೇ, ಪುಸ್ತಕದಲ್ಲಿ ತಾರೀಖು ತಪ್ಪದೆ ಬರೆಯಿರಿ.

ಸಂಖ್ಯೆ ನಾಲ್ಕರಿಂದ ಆರು. ಅದಕ್ಕಿಂತ ಜಾಸ್ತಿ ಬೇಡ. ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಗುಟುಕು ಗುಟುಕಿಗೂ ಒಗರು ಬಾಯಲ್ಲಿ ಕೂಡುತ್ತಾ ಹೋಗುತ್ತದೆ. ಹತ್ತನೆಯ ಕ್ಯಾಬರ್ನೆ ಹೊತ್ತಿಗೆ ನೀವು ರುಚಿ ನೋಡುತ್ತಿರುವುದು ಹಿಂದಿನ ಒಂಬತ್ತನ್ನೂ ಸೇರಿಸಿ.

ಹಂತ 2: ತೆಗೆಯುವ ಮುಂಚೆ ಬಾಟಲಿ ಓದಿ

ಆರಿಸಿದ ಬಾಟಲಿಯನ್ನು ದೀಪದ ಎದುರು ಹಿಡಿದು ವೈನಿನ ಮಟ್ಟ ನೋಡಿ. ಹದಿನೈದು ಇಪ್ಪತ್ತು ವರ್ಷದ ಬಾಟಲಿಯಲ್ಲಿ ಕತ್ತಿನ ಬುಡದವರೆಗಾದರೂ ಇರಬೇಕು. ಮೂವತ್ತು ನಲವತ್ತು ವರ್ಷದ್ದರಲ್ಲಿ ಭುಜದ ಮೇಲ್ಭಾಗಕ್ಕೆ ಇಳಿದಿದ್ದರೂ ಅಡ್ಡಿಯಿಲ್ಲ. ಭುಜದ ಅರ್ಧಕ್ಕೆ ಬಂದಿದ್ದರೆ ಗಾಳಿ ಜಾಸ್ತಿ ಹೊಕ್ಕಿದೆ ಅಂತ ಅರ್ಥ. ಅಂಥದ್ದನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಿ, ಆದರೆ ಬದಲಿಗೆ ಇನ್ನೊಂದನ್ನು ಸಿದ್ಧ ಇಡಿ.

ಕಾರ್ಕ್ ಬಾಯಿಂದ ಮೇಲೆ ಎದ್ದಿದೆಯಾ? ಕತ್ತಿನ ಸುತ್ತ ವೈನ್ ಸೋರಿ ಒಣಗಿದ ಗುರುತಿದೆಯಾ? ಹಾಗಿದ್ದರೆ ಅದಕ್ಕೆ ಎಲ್ಲೋ ಬಿಸಿ ತಗುಲಿದೆ. ಸೆಲ್ಲರ್ 12-13 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇ 60-70 ತೇವದಲ್ಲಿ ಇದ್ದರೂ ನಿಮ್ಮ ಕೈಗೆ ಬರುವ ಮೊದಲು ಆ ಬಾಟಲಿ ಎಲ್ಲಿ ಬಿಸಿಲಿಗೆ ನಿಂತಿತ್ತೋ ಯಾರಿಗೆ ಗೊತ್ತು. ಎಲ್ಲ ಬಾಟಲಿಗಳ ಮಟ್ಟ, ಕಾರ್ಕ್, ಕೊಂಡ ವರ್ಷ ಇವನ್ನು ಪುಸ್ತಕದಲ್ಲಿ ಮೊದಲೇ ಬರೆದಿಡಿ. ರುಚಿ ನೋಡಿದ ಮೇಲೆ ಬರೆದರೆ ರುಚಿಗೆ ತಕ್ಕಂತೆ ಕಾರಣ ಹುಡುಕುವ ಚಟ ಎಲ್ಲರಿಗೂ ಇದೆ.

ಹಂತ 3: ನಿಲ್ಲಿಸಿ, ಬಿಡಿ

ಎರಡು ದಿನ ಮುಂಚೆ ಬಾಟಲಿಗಳನ್ನು ಎತ್ತಿ ನೆಟ್ಟಗೆ ನಿಲ್ಲಿಸಿ. ಗಸಿ ತುಂಬಾ ನಯವಾಗಿದ್ದರೆ ಒಂದು ವಾರ ಬೇಕಾದೀತು. ಆಮೇಲೆ ಅಲುಗಾಡಿಸಬೇಡಿ. ಕುಡಿಯುವಾಗ 16-18 ಡಿಗ್ರಿ ಇರಲಿ. ಅದಕ್ಕಿಂತ ತಣ್ಣಗಿದ್ದರೆ ಒಗರು ಗಡುಸಾಗುತ್ತದೆ, ಬೆಚ್ಚಗಾದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಎಲ್ಲವೂ ಒಂದೇ ಉಷ್ಣತೆಯಲ್ಲಿ ಇರುವುದು ಮುಖ್ಯ. ಒಂದು 15, ಇನ್ನೊಂದು 20 ಇದ್ದರೆ ನೀವು ಹೋಲಿಸುತ್ತಿರುವುದು ಉಷ್ಣತೆಯನ್ನು.

ಹಂತ 4: ಕಾರ್ಕ್

ಇಪ್ಪತ್ತೈದು ವರ್ಷ ದಾಟಿದ ಕಾರ್ಕ್‌ಗೆ ಮಾಮೂಲಿ ತಿರುಪು ಹಾಕಿದರೆ ನಡುವೆ ತೂತಾಗಿ ಪುಡಿ ಒಳಗೆ ಬೀಳುವುದೇ ಜಾಸ್ತಿ. ಆಹ್-ಸೋ ಅನ್ನುವ, ಎರಡು ತೆಳು ಅಲಗಿನ ಕಾರ್ಕ್ ಎಳೆಯುವ ಸಾಧನ ಇಟ್ಟುಕೊಳ್ಳಿ. ಅದನ್ನೂ ತಿರುಪನ್ನೂ ಸೇರಿಸಿ ಮಾಡಿದ ಡ್ಯೂರಾಂಡ್ ಸಿಕ್ಕರೆ ಇನ್ನೂ ನಿಶ್ಚಿಂತೆ.

ಮೊದಲು ಮುಚ್ಚಳದ ಹಾಳೆಯನ್ನು ಬಾಯಂಚಿನಿಂದ ಸಾಕಷ್ಟು ಕೆಳಗೆ ಕತ್ತರಿಸಿ ತೆಗೆಯಿರಿ. 1990ರ ದಶಕದ ಆರಂಭಕ್ಕಿಂತ ಹಳೆಯ ಬಾಟಲಿಯಲ್ಲಿ ಅದು ಸೀಸದ್ದಿರಬಹುದು, ಹಾಗಾಗಿ ಬಾಯನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಕಾರ್ಕ್‌ನ ಮೇಲೆ ಕಪ್ಪು ಬೂಸ್ಟು ಇದ್ದರೆ ಗಾಬರಿ ಬೇಡ, ತೇವದ ಸೆಲ್ಲರ್‌ನಲ್ಲಿ ಅದು ಸಹಜ. ಈಗ ಆಹ್-ಸೋದ ಉದ್ದನೆಯ ಅಲಗನ್ನು ಗಾಜಿಗೂ ಕಾರ್ಕ್‌ಗೂ ನಡುವೆ ಸಿಕ್ಕಿಸಿ, ಗಿಡ್ಡದನ್ನು ಎದುರು ಬದಿಯಲ್ಲಿ. ಒತ್ತಿ ತಳ್ಳಬೇಡಿ. ತೊಟ್ಟಿಲು ತೂಗಿದ ಹಾಗೆ ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು. ಹಿಡಿ ಕಾರ್ಕ್‌ಗೆ ತಾಗಿದ ಮೇಲೆ ತಿರುಗಿಸುತ್ತಾ ಮೇಲಕ್ಕೆ ಎಳೆಯಿರಿ. ಬಾಟಲಿ ತಿರುಗಬಾರದು, ಕೈ ಮಾತ್ರ ತಿರುಗಬೇಕು. ಕೊನೆಗೆ ‘ಟಪ್’ ಅಂತ ಸದ್ದು ಬಂದರೆ ನೀವು ಅವಸರ ಮಾಡಿದ್ದೀರಿ, ಗಸಿ ಕದಡಿರುತ್ತದೆ.

ಹೊರಬಂದ ಕಾರ್ಕ್ ನೋಡಿ. ಕೆಳತುದಿ ಮಾತ್ರ ಕೆಂಪಾಗಿದ್ದರೆ ಅದು ವೈನನ್ನು ಚೆನ್ನಾಗಿ ಕಾಪಾಡಿದೆ. ಬದಿಯಲ್ಲಿ ಒಂದು ಕೆಂಪು ಗೆರೆ ಮೇಲಿನವರೆಗೂ ಹತ್ತಿದ್ದರೆ ಅಲ್ಲಿಂದ ಗಾಳಿ ಓಡಾಡಿದೆ. ತುದಿಯಲ್ಲಿ ಹರಳು ಮಿನುಗಿದರೆ ಅದು ಟಾರ್ಟ್ರೇಟ್, ಏನೂ ತೊಂದರೆಯಿಲ್ಲ. ಕಾರ್ಕ್ ಮೂಸಿ ವೈನ್ ಕೆಟ್ಟಿದೆ ಅಂತ ತೀರ್ಮಾನಿಸುವುದು ಮಾತ್ರ ಬೇಡ. ಕಾರ್ಕ್ ಕಾರ್ಕ್‌ನ ವಾಸನೆಯನ್ನೇ ಬೀರುತ್ತದೆ.

ಸೂಜಿ ಚುಚ್ಚಿ ಆರ್ಗಾನ್ ಅನಿಲ ತುಂಬುವ ಕೊರಾವಿನ್ ಬಳಸಿ, ಬಾಟಲಿ ತೆಗೆಯದೇ ಎರಡು ಗುಟುಕು ನೋಡಬಹುದಲ್ಲ ಅಂತ ಕೇಳುವವರಿದ್ದಾರೆ. ಹತ್ತು ವರ್ಷದ ಗಟ್ಟಿ ಕಾರ್ಕ್‌ಗೆ ಸರಿ. ಮೆತ್ತಗಾದ ಹಳೆಯ ಕಾರ್ಕ್ ಆ ಒತ್ತಡಕ್ಕೆ ಜಾರಿ ಒಳಗೆ ಹೋಗಬಹುದು, ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ ಅನ್ನುವ ಭರವಸೆಯೂ ಇಲ್ಲ. ನಾನಂತೂ ಮುಟ್ಟುವುದಿಲ್ಲ.

ಹಂತ 5: ತಿಳಿ ಬಸಿಯುವುದು

ಬಾಟಲಿಯ ಭುಜದ ಕೆಳಗೆ ಟಾರ್ಚ್ ಇಟ್ಟುಕೊಳ್ಳಿ. ಡಿಕ್ಯಾಂಟರ್ ಅನ್ನುವ ಗಾಜಿನ ಹೂಜಿಯ ಗೋಡೆಗುಂಟ ಸಣ್ಣ ಧಾರೆಯಾಗಿ, ನಡುವೆ ನಿಲ್ಲಿಸದೆ ಬಗ್ಗಿಸಿ. ನಿಲ್ಲಿಸಿದರೆ ವೈನ್ ಹಿಂದಕ್ಕೆ ಹೊಡೆದು ಗಸಿ ಏಳುತ್ತದೆ. ಮುಕ್ಕಾಲು ಭಾಗ ಖಾಲಿಯಾದ ಮೇಲೆ ಕಣ್ಣು ಕದಲಿಸಬೇಡಿ. ಮೊದಲು ಹೊಗೆಯ ಎಳೆಯಂಥದ್ದು ಭುಜದ ಕಡೆ ತೆವಳುತ್ತದೆ, ಅದರ ಹಿಂದೆಯೇ ಕಪ್ಪು ಕಣಗಳು. ಎಳೆ ಕತ್ತು ಮುಟ್ಟಿದೊಡನೆ ನಿಲ್ಲಿಸಿ. ಬೋರ್ಡೋ ಬಾಟಲಿಗೆ ಎತ್ತಿದ ಭುಜ ಇರುವುದರಿಂದ ಗಸಿ ಅಲ್ಲಿ ತಡೆಯುತ್ತದೆ, ಕೆಲಸ ಸುಲಭ. ಕೊನೆಯ 40-50 ಮಿಲಿ ಹೋದರೆ ಹೋಗಲಿ. ಅದನ್ನು ಸೇರಿಸಿದರೆ ಇಡೀ ವೈನ್ ಕಹಿಯಾಗುತ್ತದೆ.

ಎಷ್ಟು ಮುಂಚೆ ಬಸಿಯಬೇಕು ಅನ್ನುವುದೇ ಜಗಳದ ವಿಷಯ. ನನ್ನ ಲೆಕ್ಕ ಹೀಗೆ. ಹತ್ತರಿಂದ ಹದಿನೆಂಟು ವರ್ಷದ, ಇನ್ನೂ ಒಗರು ಗಟ್ಟಿ ಇರುವ ಕ್ಯಾಬರ್ನೆಗೆ ಒಂದರಿಂದ ಎರಡು ಗಂಟೆ ಮುಂಚೆ. ಮೂವತ್ತು ದಾಟಿದ್ದಕ್ಕೆ ಲೋಟಕ್ಕೆ ಹಾಕುವ ಹೊತ್ತಿಗೇ, ಅದೂ ಗಸಿ ಬೇರ್ಪಡಿಸಲಷ್ಟೇ. ಬಹಳ ಹಳೆಯ ವೈನಿನ ಘಮ ಇಪ್ಪತ್ತು ನಿಮಿಷದಲ್ಲಿ ಹಾರಿಹೋಗಬಹುದು. ನಡುವಿನವಕ್ಕೆ ಕಾರ್ಕ್ ತೆಗೆದೊಡನೆ ಒಂದು ಗುಟುಕು ನೋಡಿ ತೀರ್ಮಾನಿಸಿ. ಮುದುಡಿಕೊಂಡಿದ್ದರೆ ಗಾಳಿಗೆ ಬಿಡಿ, ಅರಳಿದ್ದರೆ ಬಾಟಲಿಯಲ್ಲೇ ಇರಲಿ. ಎಲ್ಲವನ್ನೂ ಒಂದೇ ಹೊತ್ತು ಗಾಳಿಗೆ ಬಿಟ್ಟರೆ ಮಾತ್ರ ನ್ಯಾಯ ಅನ್ನುವವರಿದ್ದಾರೆ. ಅದು ಕಾಗದದ ಮೇಲಿನ ನ್ಯಾಯ. ಪ್ರತಿಯೊಂದೂ ತನ್ನ ಒಳ್ಳೆಯ ಹೊತ್ತಿನಲ್ಲಿ ಲೋಟಕ್ಕೆ ಬರಲಿ.

ಬಸಿದ ಮೇಲೆ ಬಾಟಲಿಯ ಗಸಿಯನ್ನು ವಾಸನೆಯಿಲ್ಲದ ನೀರಿನಲ್ಲಿ ತೊಳೆದು, ಚೆನ್ನಾಗಿ ಬಗ್ಗಿಸಿ ಒಣಗಿಸಿ, ವೈನನ್ನು ಮತ್ತೆ ಅದಕ್ಕೇ ತುಂಬಬಹುದು. ಡಿಕ್ಯಾಂಟರ್ ಒಂದೇ ಇದ್ದವರಿಗೆ ಇದೇ ದಾರಿ.

ಹಂತ 6: ಹೆಸರು ಮುಚ್ಚಿ

ಲೇಬಲ್ ಕಂಡರೆ ನಾಲಗೆ ಸುಳ್ಳು ಹೇಳುತ್ತದೆ. ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ರುಚಿಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟಾಗ ಅವರು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ಅದನ್ನು ವರ್ಣಿಸಿದರು. 2001ರಲ್ಲಿ ಪ್ರಕಟವಾದ ಆ ಪ್ರಯೋಗ ಮಾಡಿದವರಲ್ಲಿ ಫ್ರೆಡರಿಕ್ ಬ್ರೋಶೆ ಒಬ್ಬರು. ಬರೀ ಬಣ್ಣಕ್ಕೇ ಹೀಗಾದರೆ ದೊಡ್ಡ ಹೆಸರಿನ ಲೇಬಲ್ ಏನು ಮಾಡೀತು ನೋಡಿ.

ಎಲ್ಲ ಬಾಟಲಿಗಳಿಗೂ ಕಾಗದದ ಚೀಲ ಹಾಕಿ ಕತ್ತಿಗೆ ಕಟ್ಟಿ. ಒಬ್ಬರು ಚೀಲ ಹಾಕಲಿ, ಇನ್ನೊಬ್ಬರು ಅವನ್ನು ಕಲಸಿ ಅಂಕಿ ಬರೆಯಲಿ. ಆಗ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಕಾರ್ಕ್, ಮುಚ್ಚಳದ ಹಾಳೆ ಮೇಜಿನ ಮೇಲೆ ಉಳಿಯಬಾರದು. ಒಬ್ಬರೇ ಮಾಡುವುದಾದರೆ ಲೋಟದ ತಳಕ್ಕೆ ಚೀಟಿ ಅಂಟಿಸಿ, ಕಣ್ಣು ಮುಚ್ಚಿ ಜಾಗ ಬದಲಿಸಿದರೂ ನಡೆಯುತ್ತದೆ.

ಇನ್ನೊಂದು ಚೇಷ್ಟೆ ಮಾಡಿ. ಒಂದು ವೈನನ್ನು ಎರಡು ಬೇರೆ ಅಂಕಿ ಹಾಕಿ ಎರಡು ಸಲ ಇಡಿ, ಯಾರಿಗೂ ಹೇಳಬೇಡಿ. ಎರಡಕ್ಕೂ ಒಬ್ಬರು ಹತ್ತಿರದ ಸ್ಥಾನ ಕೊಟ್ಟರೆ ಆ ಸಂಜೆ ಅವರ ಮಾತಿಗೆ ಬೆಲೆ ಕೊಡಿ. ಒಂದಕ್ಕೆ ಮೊದಲ ಸ್ಥಾನ, ಇನ್ನೊಂದಕ್ಕೆ ಕೊನೆಯದು ಕೊಟ್ಟರೆ? ಮೇಜಿನ ಸುತ್ತ ನಗು ಗ್ಯಾರಂಟಿ.

ಲೋಟ ಎಲ್ಲಕ್ಕೂ ಒಂದೇ ಆಕಾರದ್ದು ಇರಲಿ, ಅದರಾಚೆ ತಲೆ ಕೆಡಿಸಿಕೊಳ್ಳಬೇಡಿ. ಐಎಸ್‌ಒ ನಮೂನೆಯ ರುಚಿಲೋಟ ಸುಮಾರು 215 ಮಿಲಿಯದ್ದು, ಅದಕ್ಕೆ 50 ಮಿಲಿ ಸುರಿಯುವುದು ಪದ್ಧತಿ. ಹಳೆಯ ವೈನಿಗೆ ಸ್ವಲ್ಪ ದೊಡ್ಡದಿದ್ದರೆ ಒಳ್ಳೆಯದು. ಗಸಿ ಕಳೆದು ಒಂದು ಬಾಟಲಿಯಲ್ಲಿ ಸುಮಾರು 700 ಮಿಲಿ ಸಿಗುತ್ತದೆ. ಆರು ಜನರಿದ್ದರೆ ಎಲ್ಲರಿಗೂ 50 ಮಿಲಿಯಂತೆ ಎರಡು ಸಲ ಬಡಿಸಬಹುದು. ಆ ಎರಡನೆಯ ಸುತ್ತು ಬಹಳ ಮುಖ್ಯ, ಮುಂದೆ ಹೇಳುತ್ತೇನೆ. ಹತ್ತು ಹನ್ನೆರಡು ಜನರನ್ನು ಕರೆದರೆ ಅದು ಕೈತಪ್ಪುತ್ತದೆ. ಸುಗಂಧ ಹಚ್ಚಿಕೊಂಡು ಬರಬೇಡಿ ಅಂತ ಮೊದಲೇ ಹೇಳಿ. ಉಗುಳಲು ಪಾತ್ರೆ, ನೀರು, ಏನೂ ಸವರದ ಬ್ರೆಡ್ಡು ಇಷ್ಟು ಸಾಕು. ಚೀಸ್ ಬೇಡ. ಅದು ಒಗರನ್ನು ಮುಚ್ಚಿ ಎಲ್ಲ ವೈನನ್ನೂ ಒಳ್ಳೆಯದು ಮಾಡಿಬಿಡುತ್ತದೆ.

ಹಂತ 7: ನೋಡಿ, ಮೂಸಿ, ಆಮೇಲೆ ಬಾಯಿಗೆ

ಎಲ್ಲ ಲೋಟಗಳನ್ನೂ ಒಟ್ಟಿಗೆ ತುಂಬಿಸಿ. ಎಳೆಯದರಿಂದ ಹಳೆಯದಕ್ಕೆ ಹೋಗಬೇಕಾ, ಹಳೆಯದರಿಂದ ಎಳೆಯದಕ್ಕಾ ಅನ್ನುವ ವಾದ ಒಂದೊಂದಾಗಿ ಬಡಿಸುವವರದ್ದು. ಹಾಗೆ ಬಡಿಸಲೇಬೇಕಾದರೆ ನಾನು ಹಳೆಯದನ್ನು ಮೊದಲು ಇಡುತ್ತೇನೆ, ಒಗರು ತುಂಬಿದ ಬಾಯಿಗೆ ಸೂಕ್ಷ್ಮ ತಿಳಿಯುವುದಿಲ್ಲ.

ಬಿಳಿ ಹಾಳೆಯ ಮೇಲೆ ಲೋಟ ಓರೆ ಮಾಡಿ ಅಂಚನ್ನು ನೋಡಿ. ನೇರಳೆ ಛಾಯೆಯಿಂದ ದಾಳಿಂಬೆ ಕೆಂಪು, ಅಲ್ಲಿಂದ ಇಟ್ಟಿಗೆ ಬಣ್ಣ. ವಯಸ್ಸಿಗೆ ಮೀರಿ ಕಂದು ತಿರುಗಿದ್ದರೆ ಗುರುತು ಹಾಕಿಕೊಳ್ಳಿ, ತೀರ್ಪು ಬೇಡ.

ಮೊದಲ ಸುತ್ತು ಬರೀ ಮೂಗಿನದು. ಲೋಟ ಆಡಿಸದೆ ಒಂದು ಸಲ, ಆಡಿಸಿ ಒಂದು ಸಲ, ಎಡದಿಂದ ಬಲಕ್ಕೆ. ಆಮೇಲೆ ಬಲದಿಂದ ಎಡಕ್ಕೆ. ಅಲ್ಲಿಯವರೆಗೂ ಯಾರೂ ಗುಟುಕು ಹಾಕಬಾರದು, ಮಾತಾಡಬಾರದು. ಒಬ್ಬರು ‘ತೊಗಲು’ ಅಂದುಬಿಟ್ಟರೆ ಮೇಜಿಗೆಲ್ಲ ತೊಗಲೇ ಮೂಗಿಗೆ ಬರುತ್ತದೆ.

ಏನು ಹುಡುಕಬೇಕು? ನಾನು ಹಣ್ಣಿನಿಂದ ಶುರು ಮಾಡುತ್ತೇನೆ. ಬ್ಲ್ಯಾಕ್‌ಕರಂಟ್ ತಾಜಾ ಇದೆಯಾ, ಜಾಮ್ ಆಗಿದೆಯಾ, ಒಣಹಣ್ಣಾಗಿದೆಯಾ? ಆಮೇಲೆ ವಯಸ್ಸಿನ ಘಮ: ಪೆನ್ಸಿಲ್ ಹೆರೆದ ಪುಡಿ, ಸಿಗಾರ್ ಪೆಟ್ಟಿಗೆ, ಅಣಬೆ, ತರಗೆಲೆ. ಆಮೇಲೆ ಊರಿನ ಗುರುತು. ಆಸ್ಟ್ರೇಲಿಯಾದ ಕೂನವಾರದಲ್ಲಿ ಸುಣ್ಣಕಲ್ಲಿನ ಮೇಲೆ ಕೆಂಪು ಮಣ್ಣಿನ ಪದರ ಇದೆ, ಅಲ್ಲಿನ ಕ್ಯಾಬರ್ನೆಗಳಲ್ಲಿ ಪುದೀನ, ನೀಲಗಿರಿ ಎಲೆಯ ಛಾಯೆ ಆಗಾಗ ಸಿಗುತ್ತದೆ. ಇಲ್ಲಿ ನೋಡಬೇಕಾದದ್ದು ಹಣ್ಣು ಮತ್ತು ವಯಸ್ಸು ಎರಡೂ ಒಟ್ಟಿಗೆ ಇವೆಯಾ ಅಂತ. ಬರೀ ಹಣ್ಣು ಇದ್ದರೆ ಇನ್ನೂ ಎಳೆಯದು. ಬರೀ ತರಗೆಲೆ ಇದ್ದರೆ ಹೊತ್ತು ಮೀರಿದೆ. ಎರಡೂ ಜಗಳವಿಲ್ಲದೆ ಇರುವ ಕೆಲವೇ ವರ್ಷಗಳಿಗಾಗಿ ನಾವು ಇಷ್ಟು ಕಾಯುವುದು.

ಈಗ ಬಾಯಿಗೆ. ಸಣ್ಣ ಗುಟುಕು, ಒಂದಿಷ್ಟು ಗಾಳಿ ಎಳೆದು, ಬಾಯಿ ತುಂಬಾ ಆಡಿಸಿ ಉಗುಳಿ. ಒಗರಿನ ಪ್ರಮಾಣಕ್ಕಿಂತ ಅದರ ಗುಣ ನೋಡಿ. ವಸಡಿನ ಮೇಲೆ ತರಿತರಿ ನಿಲ್ಲುತ್ತದಾ, ನಾಲಗೆ ಮೇಲೆ ನಯವಾಗಿ ಹರಡುತ್ತದಾ? ಒಗರು ತರಿಯಾಗಿದ್ದು ಹಣ್ಣೂ ತುಂಬಿದ್ದರೆ ಕಾಯಬಹುದು. ಒಗರು ತರಿಯಾಗಿದ್ದು ಹಣ್ಣು ಬತ್ತಿದ್ದರೆ ಕಾದು ಪ್ರಯೋಜನವಿಲ್ಲ. ಒಗರು ಮೆದುವಾಗುವ ಮೊದಲೇ ಹಣ್ಣು ಮುಗಿದಿದೆ. ಎಷ್ಟೋ ಜನ ಇಂಥ ಬಾಟಲಿಯನ್ನೇ ‘ಇನ್ನೂ ಗಡುಸು, ಐದು ವರ್ಷ ಬಿಡೋಣ’ ಅಂತ ಮತ್ತೆ ಮಲಗಿಸುತ್ತಾರೆ.

ಉಗುಳಿದ ಮೇಲೆ ಕಾಯಿರಿ. ರುಚಿ ಎಷ್ಟು ಹೊತ್ತು ನಿಲ್ಲುತ್ತದೆ, ಕೊನೆಗೆ ಉಳಿಯುವುದು ಏನು? ಹಣ್ಣು ಉಳಿದರೆ ಜೀವ ಇದೆ. ಹುಳಿ, ಬಿಸಿ ಮಾತ್ರ ಉಳಿದರೆ ಇಳಿಜಾರು ಶುರುವಾಗಿದೆ.

ದೋಷವೋ, ವಯಸ್ಸೋ

ಹಳೆಯ ವೈನ್ ತೆಗೆದೊಡನೆ ವಿಚಿತ್ರ ವಾಸನೆ ಬಂದರೆ ಚೆಲ್ಲಬೇಡಿ. ಮುಚ್ಚಿಟ್ಟ ಕೋಣೆಯ ಮಂಕು ವಾಸನೆ ಹತ್ತಿಪ್ಪತ್ತು ನಿಮಿಷದಲ್ಲಿ ಹೋಗುತ್ತದೆ. ಹೋಗದೆ, ಒದ್ದೆ ರಟ್ಟಿನ ಮುಗ್ಗಲು ವಾಸನೆಯಾಗಿ ಬಲಿತರೆ ಅದು ಟಿಸಿಎ, ಕಾರ್ಕ್‌ನಿಂದ ಬರುವ ದೋಷ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ಅದಕ್ಕಿಂತ ಕಡಿಮೆ ಇದ್ದಾಗ ವಾಸನೆ ಸಿಗದೆ ಹಣ್ಣು ಮಾತ್ರ ಮಂಕಾಗುತ್ತದೆ. ಅದೇ ಅಪಾಯ, ಒಳ್ಳೆಯ ವೈನನ್ನು ‘ಮುಗಿದಿದೆ’ ಅಂತ ಬರೆದುಬಿಡುತ್ತೀರಿ. ಅನುಮಾನ ಬಂದರೆ ಅದೇ ವೈನಿನ ಇನ್ನೊಂದು ಬಾಟಲಿ ತೆಗೆಯಿರಿ.

ಲಾಯದ ವಾಸನೆ, ಗಾಯಕ್ಕೆ ಹಚ್ಚುವ ಪಟ್ಟಿಯ ವಾಸನೆ ಬಂದರೆ ಬ್ರೆಟ್ಟನೊಮೈಸಿಸ್ (ಚಿಕ್ಕದಾಗಿ ಬ್ರೆಟ್) ಅನ್ನುವ ಯೀಸ್ಟ್. ಹಳೆಯ ಬೋರ್ಡೋಗಳಲ್ಲಿ ಒಂಚೂರು ಇದ್ದರೆ ಇಷ್ಟಪಡುವವರೂ ಇದ್ದಾರೆ. ವಿನೆಗರ್ ಅಥವಾ ಉಗುರುಬಣ್ಣ ತೆಗೆಯುವ ದ್ರವದ ಘಾಟು ಬಂದರೆ ಬ್ಯಾಕ್ಟೀರಿಯಾದ ಕೆಲಸ. ಬೇಯಿಸಿದ ಒಣದ್ರಾಕ್ಷಿಯಂತೆ ಇದ್ದರೆ ಬಿಸಿ ತಗುಲಿದೆ. ಇವೆಲ್ಲ ಆ ಬಾಟಲಿಯ ಹಣೆಬರಹ ಇರಬಹುದು, ಆ ವೈನಿನದ್ದೇ ಇರಬಹುದು. ಬಿಸಿ, ಟಿಸಿಎ ಆದರೆ ಒಂದು ಬಾಟಲಿಗೆ ನಿಲ್ಲಬಹುದು. ಬ್ರೆಟ್ ಆದರೆ ಇಡೀ ಪೆಟ್ಟಿಗೆಯಲ್ಲಿ ಇರುವ ಸಾಧ್ಯತೆ ಜಾಸ್ತಿ.

ಹಂತ 8: ಎರಡು ಗಂಟೆ ಬಿಡಿ

ಮೊದಲ ಅರ್ಧ ಗಂಟೆಯಲ್ಲಿ ಎಲ್ಲರೂ ತಮ್ಮ ಸಾಲು (ಯಾವುದು ಮೊದಲು, ಯಾವುದು ಕೊನೆ) ಬರೆದು ಹಾಳೆ ಮಗುಚಿಡಲಿ. ಚೀಲ ಇನ್ನೂ ಬಿಚ್ಚಬೇಡಿ. ಒಂದು ಗಂಟೆ ಬಿಟ್ಟು ಎರಡನೆಯ 50 ಮಿಲಿ ಸುರಿಯಿರಿ, ಹಳೆಯ ಲೋಟದಲ್ಲಿ ಉಳಿದದ್ದರ ಪಕ್ಕದಲ್ಲೇ. ಎರಡು ಗಂಟೆಗೆ ಮತ್ತೊಮ್ಮೆ ರುಚಿ ನೋಡಿ.

ನನ್ನ ಪುಸ್ತಕದ ಒಂದು ಪುಟ ಹೀಗಿದೆ: ‘ಲೋಟ 3. ತೆಗೆದಾಗ: ಮುಚ್ಚಿಕೊಂಡಿದೆ, ಕಬ್ಬಿಣ, ಒಗರು ಮುಂದೆ. ಅರ್ಧ ಗಂಟೆ: ಹೊಗೆಸೊಪ್ಪು, ಕೆಳಗೆ ಕಪ್ಪು ಹಣ್ಣು. ಒಂದು ಗಂಟೆ: ಹಣ್ಣು ಮೇಲೆ ಬಂತು, ಒಗರು ನಯ. ಎರಡು ಗಂಟೆ: ಹಾಗೇ ಇದೆ, ಇಳಿದಿಲ್ಲ.’ ಅದರ ಕೆಳಗೆ: ‘ಲೋಟ 5. ತೆಗೆದಾಗ: ಎಲ್ಲಕ್ಕಿಂತ ಚೆಂದ, ಸೀಡರ್, ಒಣ ಗುಲಾಬಿ. ಅರ್ಧ ಗಂಟೆ: ಹಾಗೇ. ಒಂದು ಗಂಟೆ: ತೆಳು, ಹುಳಿ ಎದ್ದಿದೆ. ಎರಡು ಗಂಟೆ: ಸಾರು.’ ಮೊದಲ ಸಾಲಿನಲ್ಲಿ ಐದು ಗೆದ್ದಿತ್ತು, ಕೊನೆಯ ಸಾಲಿನಲ್ಲಿ ಮೂರು. ಎರಡೂ ತೀರ್ಪು ಸರಿಯೇ. ಐದನೆಯದು ಈಗ ಕುಡಿಯಬೇಕಾದ ವೈನ್, ಮೂರನೆಯದು ಇಡಬೇಕಾದದ್ದು.

ಗಾಳಿಯಲ್ಲಿ ಎರಡು ಗಂಟೆ ತಡೆದ ವೈನ್ ಸೆಲ್ಲರ್‌ನಲ್ಲಿ ಇಷ್ಟೇ ವರ್ಷ ತಡೆಯುತ್ತದೆ ಅಂತ ಲೆಕ್ಕ ಹಾಕಲು ಬರುವುದಿಲ್ಲ. ಆದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟಾಗ ಯಾವುದಕ್ಕೆ ಇನ್ನೂ ಕಸುವಿದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸುಳಿವು ಸಿಕ್ಕಿಲ್ಲ.

ಹಂತ 9: ಅಂಕ ಬೇಡ, ಸಾಲು ಸಾಕು

100 ಅಂಕದ ಪದ್ಧತಿ, ಡೇವಿಸ್‌ನ 20 ಅಂಕದ ಪದ್ಧತಿ ಎಲ್ಲ ಇವೆ. ಒಂದು ಮೇಜಿನ ಸುತ್ತ ಕೂತವರಿಗೆ ಅದು ಬೇಕಿಲ್ಲ. ಒಬ್ಬರ 88 ಇನ್ನೊಬ್ಬರ 93 ಇರುತ್ತದೆ. ಒಂದರಿಂದ ಆರರವರೆಗೆ ಸ್ಥಾನ ಬರೆದು ಎಲ್ಲರದ್ದನ್ನೂ ಕೂಡಿಸಿ. ಕಡಿಮೆ ಮೊತ್ತ ಬಂದದ್ದು ಮೇಲೆ. ಅದಕ್ಕಿಂತ ಕುತೂಹಲದ್ದು ಅರ್ಧ ಜನ ಮೊದಲ ಸ್ಥಾನ, ಅರ್ಧ ಜನ ಕೊನೆಯ ಸ್ಥಾನ ಕೊಟ್ಟ ವೈನ್. ಅಲ್ಲಿ ಸಾಮಾನ್ಯವಾಗಿ ಬ್ರೆಟ್ ಅಥವಾ ಹಸಿರು ವಾಸನೆ ಇರುತ್ತದೆ. ಈಗ ಚೀಲ ಬಿಚ್ಚಿ, ಜಗಳ ಆಡಿ.

ಹಂತ 10: ಉಳಿದ ಬಾಟಲಿಗಳು

ಅವತ್ತೇ ಮಲಗುವ ಮುಂಚೆ ಕೂತು ಬರೆಯಿರಿ. ಪ್ರತಿ ವೈನಿನ ಎದುರು ಮೂರರಲ್ಲಿ ಒಂದು ಮಾತು: ‘ಕುಡಿ’, ‘ಇಡು’, ‘ಮತ್ತೆ ನೋಡು’. ‘ಮತ್ತೆ ನೋಡು’ ಅಂದರೆ ಯಾವ ವರ್ಷ ಅಂತಲೂ ಬರೆಯಬೇಕು. ದಾರದಲ್ಲಿ ಕಟ್ಟಿದ ಚೀಟಿಯನ್ನು ಉಳಿದ ಬಾಟಲಿಗಳ ಕತ್ತಿಗೆ ಹಾಕಿದರೆ ಪುಸ್ತಕ ಹುಡುಕುವ ಕೆಲಸ ಇಲ್ಲ.

ಎಷ್ಟು ಬಾಟಲಿ ಉಳಿದಿವೆ ಅನ್ನುವುದರ ಮೇಲೆ ತೀರ್ಮಾನ ಬದಲಾಗುತ್ತದೆ. ಒಂದು ಡಜನ್ ಇದ್ದರೆ ಧೈರ್ಯವಾಗಿ ಇಡಿ, ಎರಡು ವರ್ಷಕ್ಕೊಂದು ತೆಗೆದು ನೋಡುತ್ತಾ ಹೋಗಿ. ಮೂರೇ ಇದ್ದರೆ ಲೋಟ 3ರಂಥದ್ದನ್ನೂ ಐದು ವರ್ಷದೊಳಗೆ ಮುಟ್ಟಿ. ಹಳೆಯದಾದಷ್ಟೂ ಕಾರ್ಕ್ ಕಾರ್ಕ್‌ಗೆ ವ್ಯತ್ಯಾಸ ಹೆಚ್ಚುತ್ತದೆ, ಮೂರರಲ್ಲಿ ಒಂದು ಕೈಕೊಡುವ ಸಾಧ್ಯತೆಯನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಒಂದೇ ಇದ್ದರೆ, ಅವತ್ತು ತೆಗೆದದ್ದು ಚೆನ್ನಾಗಿತ್ತು ಅಂತಾದರೆ, ಒಂದು ವರ್ಷದೊಳಗೆ ಕುಡಿಯಿರಿ. ಮಟ್ಟ ಕಡಿಮೆ ಇರುವ ಬಾಟಲಿಗಳನ್ನು ಕಪಾಟಿನ ಮುಂದೆ ತನ್ನಿ, ಕತ್ತಿನವರೆಗೂ ತುಂಬಿರುವವನ್ನು ಹಿಂದಕ್ಕೆ ಸರಿಸಿ. ಮ್ಯಾಗ್ನಮ್ ಇದ್ದರೆ ಎಲ್ಲಕ್ಕಿಂತ ಹಿಂದೆ.